ಮುಗಿಸದೆ ಬಿಟ್ಟ ಪುಸ್ತಕ: ‘ದಿ ಫೌಂಟೇನ್’ ನನಗೆ ಕಂಡ ಬಗೆ

‘ದಿ ಫೌಂಟೇನ್’ ನೋಡಿದವರು ಸಿನಿಮಾ ಮುಗಿದ ತಕ್ಷಣ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಆ ಬೋಳುತಲೆಯ ಮನುಷ್ಯ ನಿಜವಾಗಿ ಇದ್ದನಾ? ಗುಳ್ಳೆಯಂಥ ಒಂದು ನೌಕೆ. ಅದರೊಳಗೆ ಒಂದು ಹಳೇ ಮರ. ಮರದ ಬುಡದಲ್ಲಿ ಪದ್ಮಾಸನ ಹಾಕಿ ಕೂತವನು ಒಬ್ಬನೇ. ಸುತ್ತ ನಕ್ಷತ್ರಗಳು. ಇದು ಐನೂರು ವರ್ಷ ಆದಮೇಲೆ ನಡೆಯುವ ಕಥೆಯಾ, ಕನಸಾ, ಇಲ್ಲಾ ಯಾರೋ ಬರೆದ ಕಾದಂಬರಿಯ ಭಾಗವಾ? ಡ್ಯಾರನ್ ಅರೊನೊಫ್ಸ್ಕಿ 2006ರಲ್ಲಿ ತೆರೆಗೆ ತಂದ ಈ ಸಿನಿಮಾ ಬರೀ 96 ನಿಮಿಷದ್ದು. ಇಷ್ಟು ವರ್ಷ ಆದರೂ ಜನ ಅದರ ಬಗ್ಗೆ ವಾದ ಮಾಡುವುದನ್ನು ಬಿಟ್ಟಿಲ್ಲ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆ ನೌಕೆ ಒಂದು ಪುಸ್ತಕದ ಕೊನೆಯ ಅಧ್ಯಾಯ. ಬರೆದವನು ಸಿನಿಮಾದ ನಾಯಕ ಟಾಮಿ. ಅದನ್ನು ಬರೆಯಲು ಅವನಿಗೆ ಯಾಕೆ ಅಷ್ಟು ಕಷ್ಟವಾಯಿತು ಅನ್ನುವುದೇ ಈ ಸಿನಿಮಾದ ಕಥೆ. ಯಾಕೆ ಹಾಗನ್ನಿಸಿತು ಅಂತ ವಿವರಿಸಲು ಕೊನೆಯ ದೃಶ್ಯದವರೆಗೂ ಹೋಗಬೇಕು. ಸಿನಿಮಾ ನೋಡದವರು ಮೊದಲು ನೋಡಿಕೊಂಡು ಬಂದರೆ ಒಳ್ಳೆಯದು.

ಕಥೆ ಮೂರು ಕಾಲದಲ್ಲಿ ನಡೆಯುತ್ತದೆ. ಮೊದಲನೆಯದು ಸ್ಪೇನ್ ದೇಶದ ಹಳೇ ಕಾಲ. ರಾಣಿ ಇಸಬೆಲ್ ಕಷ್ಟದಲ್ಲಿದ್ದಾಳೆ. ಧರ್ಮದ್ರೋಹಿಗಳನ್ನು ಹುಡುಕಿ ಶಿಕ್ಷಿಸುವ ಒಬ್ಬ ಮತಾಧಿಕಾರಿ ಅವಳ ರಾಜ್ಯವನ್ನು ಚೂರುಚೂರಾಗಿ ಕಿತ್ತುಕೊಳ್ಳುತ್ತಿದ್ದಾನೆ. ಅವಳು ತನ್ನ ಯೋಧ ಟೊಮಾಸ್‌ನನ್ನು ಮಾಯಾ ಜನರ ಕಾಡಿಗೆ ಕಳಿಸುತ್ತಾಳೆ. ಅಲ್ಲಿ ಜೀವವೃಕ್ಷ ಇದೆಯಂತೆ, ಅದರ ರಸ ಕುಡಿದರೆ ಸಾವಿಲ್ಲವಂತೆ. ಎರಡನೆಯದು ನಮ್ಮ ಕಾಲ. ಟಾಮಿ ಒಬ್ಬ ಸಂಶೋಧಕ. ಕೋತಿಗಳ ಮೇಲೆ ಮೆದುಳಿನ ಗಡ್ಡೆಗೆ ಔಷಧಿ ಪರೀಕ್ಷೆ ಮಾಡುತ್ತಿದ್ದಾನೆ. ಅವನ ಹೆಂಡತಿ ಇಝಿಗೂ ಅದೇ ಕಾಯಿಲೆ. ಮೂರನೆಯದು ಆ ನೌಕೆ. ಸಾಯುತ್ತಿರುವ ಒಂದು ನಕ್ಷತ್ರದ ಕಡೆ ಆ ಬೋಳುತಲೆಯ ಟಾಮ್ ಮರವನ್ನು ಹೊತ್ತುಕೊಂಡು ಹೊರಟಿದ್ದಾನೆ. ಮೂರರಲ್ಲೂ ಹ್ಯೂ ಜಾಕ್‌ಮನ್ ಇದ್ದಾನೆ. ರಾಣಿಯೂ ಇಝಿಯೂ ರೇಚಲ್ ವೈಸ್.

ಮೊದಲನೆಯ ಕಥೆಯ ಬಗ್ಗೆ ಜಗಳವೇ ಇಲ್ಲ. ಅದು ಇಝಿ ಕೈಯಲ್ಲಿ ಬರೆಯುತ್ತಿರುವ ಪುಸ್ತಕ. ಪುಸ್ತಕದ ಹೆಸರೂ ಸಿನಿಮಾದ ಹೆಸರೂ ಒಂದೇ. ಚರಿತ್ರೆ ಗೊತ್ತಿದ್ದವರಿಗೆ ಅದು ಕಟ್ಟುಕಥೆ ಅಂತ ಬೇಗ ಗೊತ್ತಾಗುತ್ತದೆ. ಸ್ಪೇನ್‌ನ ನಿಜವಾದ ರಾಣಿ ಇಸಬೆಲ್ ತೀರಿಕೊಂಡಿದ್ದು 1504ರಲ್ಲಿ. ಸ್ಪೇನಿನ ಸೈನ್ಯ ಮಾಯಾ ಜನರ ನಾಡಾದ ಗ್ವಾಟೆಮಾಲಾಕ್ಕೆ ನುಗ್ಗಿದ್ದು 1524ರಲ್ಲಿ. ಅದಕ್ಕಿಂತ ಮುಖ್ಯವಾಗಿ, ನಿಜವಾದ ಇಸಬೆಲ್ ಧರ್ಮದ್ರೋಹಿಗಳನ್ನು ಶಿಕ್ಷಿಸುವ ಆ ಮತ ನ್ಯಾಯಾಲಯದ (ಇನ್‌ಕ್ವಿಸಿಷನ್) ಬಲಿಪಶುವಲ್ಲ. 1478ರಲ್ಲಿ ಪೋಪ್ ಅಪ್ಪಣೆ ಪಡೆದು ಅದನ್ನು ಶುರು ಮಾಡಿಸಿದವರೇ ಅವಳು ಮತ್ತು ಅವಳ ಗಂಡ ಫರ್ಡಿನಾಂಡ್.

ಇಝಿ ಇದನ್ನು ಯಾಕೆ ತಿರುಗಿಸಿದಳು? ಅವಳಿಗೆ ಬೇಕಿದ್ದದ್ದು ಚರಿತ್ರೆಯಲ್ಲ. ಆ ಮತಾಧಿಕಾರಿ ಸ್ಪೇನಿನ ಭೂಪಟದ ಮೇಲೆ ರಕ್ತದಿಂದ ಗುರುತು ಹಾಕುತ್ತಾ ಹೋಗುವ ದೃಶ್ಯ ನೋಡಿ. ಸ್ಕ್ಯಾನ್ ರಿಪೋರ್ಟಿನಲ್ಲಿ ಹರಡುತ್ತಾ ಹೋಗುವ ಗಡ್ಡೆ ನೋಡಿದವರಿಗೆ ಅದು ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಕೋಟೆಯೊಳಗೆ ಸಿಕ್ಕಿಕೊಂಡ ರಾಣಿ ಇಝಿಯೇ. ಅವಳಿಗಾಗಿ ಪ್ರಾಣ ಕೊಡಲು ಓಡುವ ಯೋಧ ಟಾಮಿಯೇ. ತನ್ನ ಗಂಡ ಏನು ಮಾಡುತ್ತಿದ್ದಾನೆ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಅವನನ್ನು ಬೈಯುವ ಬದಲು ಅವನನ್ನೇ ನಾಯಕನನ್ನಾಗಿ ಮಾಡಿ ಕಥೆ ಬರೆದಳು. ಆ ಕಥೆಯ ಕೊನೆಯನ್ನು ಮಾತ್ರ ಅವನಿಗೇ ಬಿಟ್ಟಳು. ಹೆಂಡತಿ ಗಂಡನಿಗೆ ಬರೆದ ಪತ್ರಗಳಲ್ಲಿ ಇಷ್ಟು ಉದ್ದದ, ಇಷ್ಟು ತಾಳ್ಮೆಯ ಪತ್ರ ನಾನು ಬೇರೆ ಸಿನಿಮಾದಲ್ಲಿ ನೋಡಿಲ್ಲ.

ಈಗ ನನ್ನ ವಾದದ ಮುಖ್ಯ ಜಾಗಕ್ಕೆ ಬರುತ್ತೇನೆ. ಸಿನಿಮಾ ಶುರುವಾಗುವುದೇ ಟೊಮಾಸ್‌ನಿಂದ. ಅವನು ಮಾಯಾ ಪಿರಮಿಡ್ಡಿನ ಮೆಟ್ಟಿಲು ಹತ್ತುತ್ತಾನೆ. ಮೇಲೆ ಉರಿಯುವ ಕತ್ತಿ ಹಿಡಿದ ಪೂಜಾರಿ ನಿಂತಿದ್ದಾನೆ. ಕತ್ತಿ ಬೀಸುತ್ತಾನೆ. ಆ ಕ್ಷಣಕ್ಕೆ ದೃಶ್ಯ ತುಂಡಾಗುತ್ತದೆ, ನಾವು ನೌಕೆಯೊಳಗೆ ಇರುತ್ತೇವೆ. ಆಮೇಲೆ ಟಾಮಿ ಇಝಿಯ ಪುಸ್ತಕ ಓದುವಾಗ ಗೊತ್ತಾಗುತ್ತದೆ, ಅವಳ ಬರವಣಿಗೆ ನಿಂತಿರುವುದು ಅದೇ ಜಾಗದಲ್ಲಿ. ಪೂಜಾರಿ ಎದುರಿಗಿದ್ದಾನೆ, ಮುಂದಿನ ಹಾಳೆಗಳು ಖಾಲಿ. ಅಂದರೆ ಇಝಿಯ ಬರಹ ಎಲ್ಲಿ ಮುಗಿಯುತ್ತದೋ ಸರಿಯಾಗಿ ಅಲ್ಲಿಂದ ನೌಕೆ ಶುರುವಾಗುತ್ತದೆ. ಇದು ಸುಮ್ನೆ ಆದದ್ದು ಅಂತ ನನಗೆ ಅನ್ನಿಸುವುದಿಲ್ಲ. ಖಾಲಿ ಹಾಳೆಯ ಮೇಲೆ ನಡೆಯುತ್ತಿರುವ ಕಥೆ ಅದು.

ಆಸ್ಪತ್ರೆಯಲ್ಲಿ ಇಝಿ ಗಂಡನಿಗೆ ಒಂದು ಉಡುಗೊರೆ ಕೊಡುತ್ತಾಳೆ. ಶಾಯಿ ಬಾಟಲಿ ಮತ್ತು ಅದ್ದಿ ಬರೆಯುವ ಪೆನ್ನು. ಪುಸ್ತಕ ನೀನೇ ಮುಗಿಸು ಅನ್ನುತ್ತಾಳೆ. ಹೇಗೆ ಮುಗಿಯುತ್ತದೆ ಅಂತ ನನಗೆ ಗೊತ್ತಿಲ್ಲ ಅಂತ ಟಾಮಿ ಹಿಂಜರಿಯುತ್ತಾನೆ. ನಿನಗೆ ಗೊತ್ತಾಗುತ್ತದೆ ಅಂತ ಅವಳು ಧೈರ್ಯ ಹೇಳುತ್ತಾಳೆ. ಇಷ್ಟೇ ಮಾತು. ಈ ಪೆನ್ನನ್ನು ಟಾಮಿ ಮೊದಲು ಯಾವುದಕ್ಕೆ ಬಳಸುತ್ತಾನೆ, ಗಮನಿಸಿದ್ದೀರಾ? ಬರೆಯಲು ಅಲ್ಲ. ಅವಳು ಸತ್ತಮೇಲೆ ಮನೆಗೆ ಬಂದು, ಪೆನ್ನಿನ ಮೊನೆಯನ್ನು ಶಾಯಿಗೆ ಅದ್ದಿ, ಕಳೆದುಹೋದ ಮದುವೆ ಉಂಗುರದ ಜಾಗದಲ್ಲಿ ಬೆರಳ ಸುತ್ತ ಚುಚ್ಚಿಕೊಳ್ಳುತ್ತಾನೆ. ಅಳುತ್ತಾ ಹಚ್ಚೆ ಹಾಕಿಕೊಳ್ಳುತ್ತಾನೆ.

ನೌಕೆಯಲ್ಲಿರುವ ಟಾಮ್‌ನ ತೋಳು ನೋಡಿ. ಮಣಿಕಟ್ಟಿನಿಂದ ಮೇಲಕ್ಕೆ ಉಂಗುರದ ಮೇಲೆ ಉಂಗುರ. ಮರ ಕಡಿದಾಗ ಒಳಗೆ ಕಾಣುವ ವರ್ಷದ ಸುತ್ತುಗಳ ಹಾಗೆ. ಅದೇ ಶಾಯಿ. ಐನೂರು ವರ್ಷ ಅವನು ಆ ಪೆನ್ನನ್ನು ಹಾಳೆಗೆ ಮುಟ್ಟಿಸಲಿಲ್ಲ, ತನ್ನ ಮೈಗೆ ಚುಚ್ಚಿಕೊಂಡ. ಅವಳು ಕೊಟ್ಟದ್ದು ಕಥೆ ಹೇಳಲು. ಅವನು ಅದನ್ನು ದಿನ ಎಣಿಸಲು ಬಳಸಿದ. ನನ್ನ ಮಟ್ಟಿಗೆ ಇಡೀ ಸಿನಿಮಾದ ಬೀಗ ತೆಗೆಯುವ ಕೀಲಿಕೈ ಈ ಪೆನ್ನು. ಐನೂರು ವರ್ಷ ಅನ್ನುವುದು ಕ್ಯಾಲೆಂಡರಿನ ಲೆಕ್ಕವೋ, ದುಃಖದ ಲೆಕ್ಕವೋ ಅಂತ ಕೇಳಿದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಹತ್ತಿರದವರನ್ನು ಕಳೆದುಕೊಂಡ ಮನೆಯಲ್ಲಿ ಮೊದಲ ವರ್ಷ ಎಷ್ಟು ಉದ್ದ ಇರುತ್ತದೆ ಅಂತ ಗೊತ್ತಿದ್ದವರಿಗೆ ಇದು ಉತ್ಪ್ರೇಕ್ಷೆ ಅನ್ನಿಸಲಿಕ್ಕಿಲ್ಲ.

ನೌಕೆಯಲ್ಲಿ ಅವನು ಬದುಕುವುದು ಆ ಮರದ ತೊಗಟೆ ತಿಂದು. ಮರಕ್ಕೆ ಕಿವಿಗೊಟ್ಟು ಮಾತಾಡುತ್ತಾನೆ, ಇನ್ನು ಸ್ವಲ್ಪ ದೂರ, ತಡೆದುಕೋ ಅನ್ನುತ್ತಾನೆ. ತೊಗಟೆಯ ಮೇಲಿನ ಸಣ್ಣ ರೋಮಗಳು ಅವನ ಬೆರಳಿಗೆ ಸ್ಪಂದಿಸಿ ನಿಮಿರುತ್ತವೆ. ಆ ಮರ ಇಝಿ. ಆಸ್ಪತ್ರೆಯ ಹಾಸಿಗೆ ಪಕ್ಕ ಆಡಬೇಕಿದ್ದ ಮಾತುಗಳನ್ನು ಅವನು ಈಗ ಮರಕ್ಕೆ ಹೇಳುತ್ತಿದ್ದಾನೆ. ಮತ್ತೆ ಮತ್ತೆ ಇಝಿಯ ನೆರಳು ಬಂದು ‘ಮುಗಿಸು’ ಅಂದಾಗೆಲ್ಲ ಅವನು ಬೆದರುತ್ತಾನೆ, ಬಿಟ್ಟುಬಿಡು ಅಂತ ಬೇಡಿಕೊಳ್ಳುತ್ತಾನೆ. ಸಾವಿಲ್ಲದೆ ಐನೂರು ವರ್ಷ ಬದುಕಿದವನು ಒಂದು ಅಧ್ಯಾಯ ಬರೆಯಲು ಯಾಕೆ ಹೆದರಬೇಕು? ಬರೆದರೆ ಟೊಮಾಸ್ ಸಾಯುತ್ತಾನೆ. ಟೊಮಾಸ್ ಸತ್ತರೆ ರಾಣಿಯನ್ನು ಉಳಿಸಲು ಯಾರೂ ಇಲ್ಲ. ಕಥೆ ಮುಗಿಯದೆ ಇರುವವರೆಗೆ ಇಝಿ ಸತ್ತಿಲ್ಲ.

ನಮಗೆ ಅಶ್ವತ್ಥಾಮ ಗೊತ್ತು. ಚಿರಂಜೀವಿ ಅಂತ ಅವನ ಹೆಸರು ಹೇಳುತ್ತೇವೆ, ಆದರೆ ಅವನ ಚಿರಂಜೀವಿತನ ವರವಲ್ಲ, ಶಾಪ. ಹಣೆಯ ಮೇಲಿನ ಗಾಯ ಮಾಯದೆ, ಯಾರ ಜೊತೆಯೂ ಇಲ್ಲದೆ ಅಲೆಯುತ್ತಾನೆ. ನೌಕೆಯೊಳಗಿನ ಟಾಮ್‌ನನ್ನು ನೋಡುವಾಗ ನನಗೆ ಬೇರೆ ಯಾರೂ ನೆನಪಾಗುವುದಿಲ್ಲ. ಹಾಗೆಯೇ ನಮಗೆ ಸಾವಿತ್ರಿಯೂ ಗೊತ್ತು. ಅವಳು ಯಮನ ಹಿಂದೆ ಬಿದ್ದಳು, ಮಾತಿನಲ್ಲೇ ಅವನನ್ನು ಕಟ್ಟಿಹಾಕಿ ಗಂಡನನ್ನು ವಾಪಸ್ ತಂದಳು. ಆ ಕಥೆ ಕೇಳಿ ಬೆಳೆದ ನಾವು ಟಾಮಿಯ ಕಡೆಗೇ ವಾಲುವುದು ಸಹಜ. ಪ್ರೀತಿ ಅಂದರೆ ಸಾವಿನ ಜೊತೆ ಗುದ್ದಾಡುವುದು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಈ ಸಿನಿಮಾ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲೇ. ಸತ್ಯವಾನ ಬದುಕಿನ ಕೊನೆಯ ದಿನಗಳಲ್ಲಿ ಏನು ಕೇಳಿದ್ದನೋ ಅಂತ ನಾವು ಯಾವತ್ತಾದರೂ ಯೋಚಿಸಿದ್ದೇವಾ?

ಇಝಿ ಏನು ಕೇಳಿದ್ದಳು ಅಂತ ಸಿನಿಮಾ ಸ್ಪಷ್ಟವಾಗಿ ಹೇಳುತ್ತದೆ. ವರ್ಷದ ಮೊದಲ ಹಿಮ ಬಿದ್ದಿದೆ. ಬಿಳಿ ಕೋಟು ಹಾಕಿಕೊಂಡು ಅವಳು ಟಾಮಿಯ ಲ್ಯಾಬಿಗೆ ಬರುತ್ತಾಳೆ. ಬಾ, ಒಂದು ಸುತ್ತು ನಡೆದುಕೊಂಡು ಬರೋಣ, ಮೊದಲ ಹಿಮಕ್ಕೆ ನಾವು ಯಾವಾಗಲೂ ಹೋಗುತ್ತೇವಲ್ಲ ಅನ್ನುತ್ತಾಳೆ. ಒಳಗೆ ಕೋತಿಯ ಆಪರೇಷನ್ನಿಗೆ ಎಲ್ಲರೂ ಕಾಯುತ್ತಿದ್ದಾರೆ. ಈಗ ಆಗಲ್ಲ ಅನ್ನುತ್ತಾನೆ. ಅವಳು ಹೊರಟುಹೋಗುತ್ತಾಳೆ. ಅವನು ಅವಳ ಹಿಂದೆ ಎರಡು ಹೆಜ್ಜೆ ಇಟ್ಟು, ವಾಪಸ್ ತಿರುಗುತ್ತಾನೆ.

ಈ ದೃಶ್ಯವನ್ನು ಸಿನಿಮಾ ಮತ್ತೆ ಮತ್ತೆ ತೋರಿಸುತ್ತದೆ. ಮೊದಲ ಸಲ ನೋಡುವವರಿಗೆ ಇದು ನಿರ್ದೇಶಕನ ಚಟ ಅನ್ನಿಸಬಹುದು. ಆ ದಿನ ಇನ್ನೇನೇನು ಆಯಿತು ಅಂತ ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಕಾಣುತ್ತದೆ. ಆಪರೇಷನ್ನಿಗೆ ಕೈ ತೊಳೆಯುವಾಗ ಟಾಮಿ ಉಂಗುರ ಬಿಚ್ಚಿಡುತ್ತಾನೆ. ಆಮೇಲೆ ಅದು ಸಿಗುವುದಿಲ್ಲ. ಅದೇ ಆಪರೇಷನ್ನಿನಲ್ಲಿ ಅವನಿಗೆ ಒಂದು ಹೊಳಹು ಬರುತ್ತದೆ, ಗ್ವಾಟೆಮಾಲಾದ ಒಂದು ಮರದಿಂದ ತೆಗೆದ ವಸ್ತುವನ್ನು ಡೊನೊವನ್ ಅನ್ನುವ ಆ ಮುದಿ ಕೋತಿಗೆ ಕೊಡಿಸುತ್ತಾನೆ. ಕೋತಿ ಮರಳಿ ಎಳೆಯದಾಗುತ್ತಾ ಹೋಗುತ್ತದೆ. ಅಂದರೆ ಹೆಂಡತಿಯ ಜೊತೆ ನಡೆಯುವ ಗಂಟೆ, ಮದುವೆಯ ಉಂಗುರ, ಇವೆರಡು ಕೈತಪ್ಪಿದ ದಿನವೇ ಮುಪ್ಪಿಗೆ ಮದ್ದು ಅವನ ಕೈಗೆ ಸಿಕ್ಕಿತು. ಕಥೆ ಕಟ್ಟುವವರ ಕೈಚಳಕ ಇದು. ಸಿನಿಮಾ ಇದರ ಬಗ್ಗೆ ಒಂದು ಮಾತೂ ಆಡುವುದಿಲ್ಲ, ನಾವೇ ಕೂಡಿಸಿಕೊಳ್ಳಬೇಕು.

ಔಷಧಿ ಕೆಲಸ ಮಾಡುವುದೂ ನಿಜ. ಡೊನೊವನ್‌ನ ಗಡ್ಡೆ ಕುಗ್ಗುತ್ತಿದೆ ಅನ್ನುವ ಸುದ್ದಿ ಬರುವುದು ಇಝಿ ಸಾಯುವ ಹೊತ್ತಿಗೇ. ಹಾಗಾದರೆ ಟಾಮಿ ತಪ್ಪು ಮಾಡಿದನಾ? ನಾನು ಹಾಗೆ ಹೇಳಲಾರೆ. ಇನ್ನೊಂದು ವಾರ ಸಿಕ್ಕಿದ್ದರೆ ಅವಳು ಉಳಿಯುತ್ತಿದ್ದಳೇನೋ. ಲ್ಯಾಬಿನಲ್ಲಿ ಕಳೆದ ಒಂದೊಂದು ಗಂಟೆಗೂ ಕಾರಣ ಇತ್ತು. ಸಿನಿಮಾ ಅವನನ್ನು ಮೂರ್ಖ ಅಂತ ತೋರಿಸಿದ್ದರೆ ಕಥೆ ಸುಲಭವಾಗುತ್ತಿತ್ತು, ಪೊಳ್ಳೂ ಆಗುತ್ತಿತ್ತು.

ನಮ್ಮ ದೊಡ್ಡಪ್ಪನನ್ನು ನೆನೆಯದೆ ಈ ಭಾಗ ನೋಡಲು ನನಗೆ ಆಗುವುದಿಲ್ಲ. ದೊಡ್ಡಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾದಮೇಲೆ ಅವರು ಒಂದು ಪ್ಲಾಸ್ಟಿಕ್ ಫೈಲ್ ಹಿಡಿದುಕೊಂಡು ಓಡಾಡಲು ಶುರು ಮಾಡಿದರು. ಸ್ಕ್ಯಾನ್ ರಿಪೋರ್ಟು, ಬಯಾಪ್ಸಿ ರಿಪೋರ್ಟು, ರಕ್ತ ಬೇಕು ಅಂದರೆ ರಕ್ತ, ಯಾರೋ ಹೇಳಿದ ನಾಟಿ ಔಷಧಿ, ಇನ್ಯಾರೋ ಹೇಳಿದ ಇನ್ನೊಬ್ಬ ಡಾಕ್ಟರು. ದೊಡ್ಡಮ್ಮ ಸಂಜೆ ಹೊತ್ತು ಜಗಲಿ ಮೇಲೆ ಕೂತು, ‘ಇವತ್ತಾದ್ರೂ ಸ್ವಲ್ಪ ಹೊತ್ತು ಇಲ್ಲೇ ಕೂತ್ಕೊಳ್ರೀ’ ಅನ್ನುತ್ತಿದ್ದರು. ‘ಬೆಳಗ್ಗೆ ಬೇಗ ಹೊರಡ್ಬೇಕು ಕಣೇ, ಲೇಟಾದ್ರೆ ಟೋಕನ್ ಸಿಗಲ್ಲ’ ಅಂತ ದೊಡ್ಡಪ್ಪ ಚೀಲಕ್ಕೆ ಬಟ್ಟೆ ತುಂಬುತ್ತಿದ್ದರು. ಅವರ ಪ್ರೀತಿಯಲ್ಲಿ ಒಂದಿಷ್ಟೂ ಕೊರತೆ ಇರಲಿಲ್ಲ. ದೊಡ್ಡಮ್ಮನಿಗೂ ಅದು ಗೊತ್ತಿತ್ತು. ಅವರು ಓಡಾಡದೆ ಇದ್ದಿದ್ದರೆ ಊರಿನವರೆಲ್ಲ ಏನನ್ನುತ್ತಿದ್ದರು ಅನ್ನುವುದೂ ಗೊತ್ತಿತ್ತು. ಇಬ್ಬರದೂ ಸರಿಯೇ ಆಗಿದ್ದಾಗ ಯಾರಿಗೆ ಏನು ಹೇಳುವುದು? ಟಾಮಿಯನ್ನು ತೀರ್ಪಿನ ಕಟಕಟೆಯಲ್ಲಿ ನಿಲ್ಲಿಸಲು ನನಗೆ ಮನಸ್ಸು ಬಾರದೆ ಇರುವುದು ಇದಕ್ಕೇ.

ಇಝಿಯ ಪಾತ್ರದ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ. ರೇಚಲ್ ವೈಸ್ ಚೆನ್ನಾಗಿ ಮಾಡಿದ್ದಾಳೆ, ಅದರಲ್ಲಿ ಎರಡು ಮಾತಿಲ್ಲ. ಚಾವಣಿಯ ಮೇಲೆ ಹಿಮದಲ್ಲಿ ಬರಿಗಾಲಲ್ಲಿ ನಿಂತು ದೂರದರ್ಶಕದಲ್ಲಿ ನಕ್ಷತ್ರ ನೋಡುತ್ತಿರುತ್ತಾಳೆ. ಟಾಮಿ ಅವಳ ಪಾದ ಮುಟ್ಟಿ ಬೆಚ್ಚಿಬೀಳುತ್ತಾನೆ. ಬಿಸಿ ತಣ್ಣಗೆ ಏನೂ ತನಗೆ ಗೊತ್ತಾಗುತ್ತಿಲ್ಲ ಅನ್ನುವುದನ್ನು ಅವಳು ಅಷ್ಟರವರೆಗೆ ಅವನಿಗೆ ಹೇಳಿಯೇ ಇರುವುದಿಲ್ಲ. ಎಂಥ ದೃಶ್ಯ ಅದು! ಆಮೇಲೆ ಮ್ಯೂಸಿಯಮ್ಮಿನಲ್ಲಿ ಕುಸಿದುಬಿದ್ದು ಆಸ್ಪತ್ರೆ ಸೇರಿದಾಗ, ನನಗೀಗ ಭಯ ಇಲ್ಲ ಅನ್ನುತ್ತಾಳೆ. ಅಂದರೆ ಮೊದಲು ಭಯ ಇತ್ತು. ಆ ಭಯವನ್ನು ಸಿನಿಮಾ ನಮಗೆ ತೋರಿಸಲೇ ಇಲ್ಲ. ರಾತ್ರಿ ಎದ್ದು ಕೂತ ಇಝಿ, ಸಿಟ್ಟಾದ ಇಝಿ, ನನಗೇ ಯಾಕೆ ಹೀಗಾಯಿತು ಅಂತ ಕೇಳಿದ ಇಝಿ ಎಲ್ಲೋ ಇದ್ದಳು. ಅವಳನ್ನು ನೋಡಿದ್ದರೆ ಅವಳ ಶಾಂತಿಗೆ ಇನ್ನೂ ತೂಕ ಬರುತ್ತಿತ್ತು. ಸಾವನ್ನು ಒಪ್ಪಿಕೊಳ್ಳುವುದು ಇಷ್ಟು ಚಂದ ಇರುವುದಿಲ್ಲ. ಹತ್ತಿರದಿಂದ ನೋಡಿದವರಿಗೆ ಗೊತ್ತು.

ಮಾಯಾ ಜನರನ್ನು ತೋರಿಸಿದ ರೀತಿಯೂ ನನಗೆ ಹಿಡಿಸುವುದಿಲ್ಲ. ಕತ್ತಲಲ್ಲಿ ಕೂಗುವ ಗುಂಪು, ಒಬ್ಬ ಪೂಜಾರಿ, ಅಷ್ಟೇ. ಇದು ಇಝಿಯ ಪುಸ್ತಕ ಅನ್ನುವ ಸಮಜಾಯಿಷಿ ಕೊಡಬಹುದು. ಆದರೂ ಆ ಜನ ಇವತ್ತಿಗೂ ಗ್ವಾಟೆಮಾಲಾದಲ್ಲಿ, ಮೆಕ್ಸಿಕೊದಲ್ಲಿ ಲಕ್ಷಗಟ್ಟಲೆ ಇದ್ದಾರೆ, ತಮ್ಮ ಭಾಷೆಗಳನ್ನು ಆಡುತ್ತಿದ್ದಾರೆ.

ಬೇಸರ ಜಾಸ್ತಿ ಆಗುವುದು ಯಾಕೆಂದರೆ, ಸಿನಿಮಾ ತನ್ನ ಜೀವಾಳವನ್ನು ಪಡೆದಿರುವುದೇ ಅವರಿಂದ. ಕಿಚೆ ಮಾಯಾ ಜನರ ‘ಪೊಪೊಲ್ ವುಹ್’ ಕಥೆಯಲ್ಲಿ ಶಿಬಾಲ್ಬಾ ಅನ್ನುವುದು ನೆಲದಡಿಯ ಸಾವಿನ ಲೋಕ. ಅದನ್ನು ಆಳುವ ದೊರೆಗಳ ಹೆಸರೇ ಒಂದು ಸಾವು, ಏಳು ಸಾವು. ಅವರು ಹುನ್ ಹುನಹ್ಪು ಅನ್ನುವವನನ್ನು ಚೆಂಡಾಟಕ್ಕೆ ಕರೆಸಿಕೊಂಡು ಕೊಲ್ಲುತ್ತಾರೆ. ಅವನ ತಲೆಯನ್ನು ಒಂದು ಮರಕ್ಕೆ ಸಿಕ್ಕಿಸುತ್ತಾರೆ. ಅಲ್ಲಿಯವರೆಗೆ ಕಾಯಿ ಬಿಡದ ಮರ ಮೈತುಂಬ ಕಾಯಿ ಬಿಡುತ್ತದೆ. ಆ ತಲೆಯ ಎಂಜಲು ಅಂಗೈ ಮೇಲೆ ಬಿದ್ದ ಹುಡುಗಿ ಬಸುರಾಗುತ್ತಾಳೆ. ಅವಳಿಗೆ ಹುಟ್ಟಿದ ಅವಳಿ ಮಕ್ಕಳು ಶಿಬಾಲ್ಬಾಕ್ಕೆ ಹೋಗಿ, ತಾವೇ ಬೆಂಕಿಗೆ ಹಾರಿ ಸಾಯುತ್ತಾರೆ. ಪುಡಿ ಮಾಡಿದ ಮೂಳೆಯನ್ನು ಹೊಳೆಗೆ ಎಸೆದಮೇಲೆ ಮತ್ತೆ ಎದ್ದುಬಂದು ಆ ದೊರೆಗಳನ್ನು ಸೋಲಿಸುತ್ತಾರೆ. ನೋಡಿ, ಸಾವಿನಿಂದ ತಪ್ಪಿಸಿಕೊಂಡು ಗೆದ್ದವರಲ್ಲ ಇವರು. ಸಾವಿನೊಳಗೆ ಹೊಕ್ಕು ಗೆದ್ದವರು. ಸಿನಿಮಾದಲ್ಲಿ ಇಝಿ ಹೇಳುವ ಮೊದಲ ತಂದೆಯ ಕಥೆ, ಅವನ ಮೈಯಿಂದ ಮರ ಬೆಳೆದ ಕಥೆ, ಇದೇ ಬೇರಿನದು. ಅವಳು ಶಿಬಾಲ್ಬಾವನ್ನು ನೆಲದಡಿಯಿಂದ ಎತ್ತಿ ಆಕಾಶದಲ್ಲಿಡುತ್ತಾಳೆ. ಸಾಯುತ್ತಿರುವ ನಕ್ಷತ್ರದ ಸುತ್ತ ಇರುವ ಹೊಂಬಣ್ಣದ ಮೋಡವೇ ಶಿಬಾಲ್ಬಾ ಅನ್ನುತ್ತಾಳೆ.

ಅವಳು ಇನ್ನೊಂದು ಕಥೆಯನ್ನೂ ಹೇಳುತ್ತಾಳೆ. ಮಾಯಾ ಊರಿನಲ್ಲಿ ದಾರಿ ತೋರಿಸಿದವನೊಬ್ಬ ತನ್ನ ಅಪ್ಪ ಸತ್ತಿಲ್ಲ ಅನ್ನುತ್ತಿದ್ದನಂತೆ. ಸಮಾಧಿಯ ಮೇಲೆ ಬೀಜ ನೆಟ್ಟರು, ಮರ ಬೆಳೆಯಿತು, ಅಪ್ಪ ಮರದೊಳಗೆ ಸೇರಿದ, ಹೂವಿಗೆ ಹೋದ, ಹಣ್ಣು ತಿಂದ ಹಕ್ಕಿಯ ಜೊತೆ ಹಾರಿದ. ಸ್ವಂತ ಹೊಲದಲ್ಲೇ ಹಿರಿಯರನ್ನು ಮಣ್ಣು ಮಾಡುವ ನಮ್ಮ ಎಷ್ಟೋ ಮನೆಗಳವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ಅಜ್ಜ ಮಲಗಿರುವ ಬದುವಿನ ಮರದ ಮಾವಿನಕಾಯಿ ತಿಂದೇ ನಾವು ಬೆಳೆದದ್ದು.

ಸಿನಿಮಾ ಹುಟ್ಟಿದ ಕಥೆಯೂ ಸಣ್ಣದಲ್ಲ. ಮೊದಲು ಇದಕ್ಕೆ ಸುಮಾರು 7 ಕೋಟಿ ಡಾಲರ್ ಬಜೆಟ್ ಇತ್ತು, ಬ್ರ್ಯಾಡ್ ಪಿಟ್, ಕೇಟ್ ಬ್ಲ್ಯಾಂಚೆಟ್ ನಟಿಸಬೇಕಿತ್ತು. ಆಸ್ಟ್ರೇಲಿಯಾದಲ್ಲಿ ಸೆಟ್ಟು ಹಾಕಿದ್ದರು. 2002ರಲ್ಲಿ ಶೂಟಿಂಗ್ ಶುರುವಾಗಲು ಕೆಲವೇ ವಾರ ಇರುವಾಗ ಪಿಟ್ ಹೊರನಡೆದ. ಎಲ್ಲ ನಿಂತಿತು, ಸೆಟ್ಟಿನ ಸಾಮಾನು ಹರಾಜಾಯಿತು. ಅರೊನೊಫ್ಸ್ಕಿ ಕಥೆಯನ್ನು ಬಿಡಲಿಲ್ಲ. ಅದು ಚಿತ್ರಗಾರ ಕೆಂಟ್ ವಿಲಿಯಮ್ಸ್‌ನ ಕೈಯಲ್ಲಿ ಕಾಮಿಕ್ಸ್ ಥರದ ಗ್ರಾಫಿಕ್ ಕಾದಂಬರಿಯಾಗಿ 2005ರಲ್ಲಿ ಬಂತು. ಚಿತ್ರಕಥೆಯನ್ನು ಇಳಿಸಿ, ಅರ್ಧ ದುಡ್ಡಿಗೆ ಹೊಂದುವಂತೆ ಮಾಡಿ ಕೆನಡಾದ ಮಾಂಟ್ರಿಯಲ್‌ನಲ್ಲಿ ತೆಗೆದ. ವೆನಿಸ್ ಚಿತ್ರೋತ್ಸವದಲ್ಲಿ ಪತ್ರಕರ್ತರಲ್ಲಿ ಕೆಲವರು ಕೂಗಿ ಗೇಲಿ ಮಾಡಿದರು, ಸಾರ್ವಜನಿಕ ಪ್ರದರ್ಶನದಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. 3.5 ಕೋಟಿ ಡಾಲರ್ ಖರ್ಚಾದ ಸಿನಿಮಾ ಗಳಿಸಿದ್ದು 1.6 ಕೋಟಿಯಷ್ಟು. ಕಥೆಯನ್ನು ಜೊತೆಗೆ ಕಟ್ಟಿದ ಅರಿ ಹ್ಯಾಂಡೆಲ್ ಮೆದುಳಿನ ವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದವನು. ಲ್ಯಾಬಿನ ದೃಶ್ಯಗಳಲ್ಲಿ ಆ ತಿಳಿವಳಿಕೆ ಕಾಣುತ್ತದೆ.

ದುಡ್ಡಿಲ್ಲದ್ದರಿಂದ ಆದ ಒಂದು ಒಳ್ಳೆಯ ಕೆಲಸವನ್ನು ಹೇಳಲೇಬೇಕು. ಆ ಹೊಂಬಣ್ಣದ ಆಕಾಶ ಬಹುಪಾಲು ಕಂಪ್ಯೂಟರಿನಲ್ಲಿ ಮಾಡಿದ್ದಲ್ಲ. ಪೀಟರ್ ಪಾರ್ಕ್ಸ್ ಅನ್ನುವ ಛಾಯಾಗ್ರಾಹಕ ಪುಟ್ಟ ತಟ್ಟೆಯಲ್ಲಿ ರಾಸಾಯನಿಕಗಳನ್ನು ಬೆರೆಸಿ, ಅವು ಒಂದರೊಳಗೊಂದು ಹರಡುವುದನ್ನು ಅತಿ ಹತ್ತಿರದಿಂದ ಚಿತ್ರೀಕರಿಸಿದ. ತೆರೆಯ ಮೇಲೆ ಅದು ಬ್ರಹ್ಮಾಂಡ. ಟಾಮಿ ಹಗಲೆಲ್ಲ ಬಗ್ಗಿ ನೋಡುತ್ತಿದ್ದದ್ದೂ ಅಂಥ ತಟ್ಟೆಗಳನ್ನೇ ಅಲ್ವಾ? ಅವನು ಲ್ಯಾಬಿನಿಂದ ಆಚೆ ಹೋಗಿಯೇ ಇಲ್ಲ ಅನ್ನುವ ಯೋಚನೆ ನನಗೆ ಈ ವಿಷಯ ತಿಳಿದಮೇಲೆ ಬಂದದ್ದು. ನಿರ್ದೇಶಕನಿಗೆ ಆ ಉದ್ದೇಶ ಇತ್ತು ಅಂತ ನಾನು ಹೇಳುತ್ತಿಲ್ಲ. ಕಲೆಯಲ್ಲಿ ಕೆಲವು ಸಲ ಕೈಯ ಕೆಲಸವೇ ಅರ್ಥವನ್ನು ತಂದುಬಿಡುತ್ತದೆ.

ಕೊನೆಯ ಇಪ್ಪತ್ತು ನಿಮಿಷಕ್ಕೆ ಬರೋಣ. ಕ್ಲಿಂಟ್ ಮ್ಯಾನ್ಸೆಲ್‌ನ ಸಂಗೀತ ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕ್ರೋನೊಸ್ ಕ್ವಾರ್ಟೆಟ್‌ನ ತಂತಿವಾದ್ಯ, ಮೊಗ್ವಾಯ್ ತಂಡದ ಗಿಟಾರು. ಸಾಧ್ಯವಾದರೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ನೋಡಿ. ನಕ್ಷತ್ರ ಹತ್ತಿರ ಬರುವಷ್ಟರಲ್ಲಿ ಮರ ಸಾಯುತ್ತದೆ. ಇಝಿ ಸತ್ತ ಹಾಗೆಯೇ, ಮದ್ದು ಕೈಗೆ ಸಿಗುವ ಹೊತ್ತಿಗೆ ಸರಿಯಾಗಿ. ಟಾಮ್ ಚೀರುತ್ತಾನೆ, ಕುಸಿಯುತ್ತಾನೆ. ಇನ್ನು ಹಿಡಿದುಕೊಳ್ಳಲು ಏನೂ ಉಳಿದಿಲ್ಲ. ಆಗ ಮತ್ತೆ ಹಿಮದ ದಿನ ಬರುತ್ತದೆ. ಈ ಸಲ ಅವನು ಆಪರೇಷನ್ನಿಗೆ ಹೋಗುವುದಿಲ್ಲ. ಅವಳ ಹಿಂದೆ ಓಡುತ್ತಾನೆ.

ಆಮೇಲೆ ಅವನು ಬರೆಯುತ್ತಾನೆ. ಬರೆಯುವುದನ್ನು ಸಿನಿಮಾ ಹೀಗೆ ತೋರಿಸುತ್ತದೆ: ಪೂಜಾರಿ ಕತ್ತಿ ಎತ್ತಿದ್ದಾನೆ. ಟೊಮಾಸ್ ಇದ್ದ ಜಾಗದಲ್ಲಿ ಪದ್ಮಾಸನ ಹಾಕಿ ಕೂತ ಟಾಮ್ ಬೆಳಕಾಗಿ ಕಾಣಿಸುತ್ತಾನೆ. ಪೂಜಾರಿ ಅವನನ್ನು ಮೊದಲ ತಂದೆ ಅಂದುಕೊಂಡು ಕ್ಷಮೆ ಕೇಳಿ ಕೊರಳೊಡ್ಡುತ್ತಾನೆ. ನೌಕೆಯಲ್ಲಿರುವವನು ಸಾವಿರ ವರ್ಷ ಹಿಂದಿನ ಕಥೆಯೊಳಗೆ ಹೇಗೆ ಬರಲು ಸಾಧ್ಯ? ಇವೆಲ್ಲ ನಿಜವಾಗಿ ನಡೆದದ್ದು ಅನ್ನುವವರಿಗೆ ಇದು ದೊಡ್ಡ ತೊಡಕು. ನನ್ನ ಓದಿನಲ್ಲಿ ಇದು ತೊಡಕೇ ಅಲ್ಲ. ಬರೆಯುವವನು ತನ್ನ ಕಥೆಯೊಳಗೆ ಕಾಲಿಟ್ಟಿದ್ದಾನೆ, ಅಷ್ಟೇ. ಟೊಮಾಸ್ ಮರ ತಲುಪುತ್ತಾನೆ, ರಸ ಕುಡಿಯುತ್ತಾನೆ, ಗಾಯ ವಾಸಿಯಾಗುತ್ತದೆ. ರಾಣಿ ಕೊಟ್ಟ ಉಂಗುರ ತೊಡಲು ಹೋಗುವಷ್ಟರಲ್ಲಿ ಅವನ ಮೈಯಿಂದಲೇ ಹೂವು ಹುಲ್ಲು ಚಿಮ್ಮಿ ಅವನು ನೆಲವಾಗಿಬಿಡುತ್ತಾನೆ. ಸಾವಿಲ್ಲದ ಬದುಕು ಬೇಕು ಅಂದವನಿಗೆ ಅದು ಸಿಗುತ್ತದೆ, ಅವನು ಕೇಳಿದ ರೂಪದಲ್ಲಿ ಅಲ್ಲ. ಟಾಮಿ ತನ್ನನ್ನೇ ಕೊಲ್ಲುವ ಸಾಲು ಬರೆದ. ‘ನಾನು ಸಾಯುತ್ತೇನೆ’ ಅಂತ ನೌಕೆಯಲ್ಲಿ ಟಾಮ್ ಹೇಳುವಾಗ ಅವನ ಮುಖದಲ್ಲಿ ನಗು ಇದೆ. ಜಾಕ್‌ಮನ್ ಆ ಒಂದು ಮಾತಿನಲ್ಲಿ ಮಾಡಿರುವ ನಟನೆ ಅವನ ಬೇರೆ ಯಾವ ಸಿನಿಮಾದಲ್ಲೂ ನನಗೆ ಸಿಕ್ಕಿಲ್ಲ.

ಅರೊನೊಫ್ಸ್ಕಿ ತನ್ನ ಸಿನಿಮಾವನ್ನು ರೂಬಿಕ್ ಘನಕ್ಕೆ ಹೋಲಿಸಿದ್ದುಂಟು, ಬಿಡಿಸಲು ದಾರಿ ಹಲವು, ಕೊನೆಗೆ ಬರುವ ಉತ್ತರ ಒಂದೇ ಅಂತ. ಹಾಗಾಗಿ ಎಲ್ಲವೂ ನಿಜ ಅಂತ ಓದುವವರ ಜೊತೆ ನನಗೆ ದೊಡ್ಡ ಜಗಳವಿಲ್ಲ. ಅವರ ಬಳಿ ಒಂದು ಗಟ್ಟಿ ಸಾಕ್ಷಿ ಇದೆ, ಅದನ್ನು ಮುಚ್ಚಿಡಬಾರದು. ನಕ್ಷತ್ರ ಸಿಡಿದಾಗ ಒಣಗಿದ ಮರ ಚಿಗುರುತ್ತದೆ. ಇಝಿ ಅದರಿಂದ ಒಂದು ಕಾಯಿ ಕಿತ್ತು ಟಾಮಿಯ ಕೈಗೆ ಕೊಡುತ್ತಾಳೆ. ಟಾಮಿ ಅದನ್ನು ಹಿಮದ ನಡುವೆ ಅವಳ ಸಮಾಧಿಯ ಮಣ್ಣಿನಲ್ಲಿ ಊರುತ್ತಾನೆ. ಆ ಬೀಜವೇ ಬೆಳೆದು ನೌಕೆಯ ಮರವಾಯಿತು, ಮದ್ದು ಕುಡಿದ ಟಾಮಿ ಐನೂರು ವರ್ಷ ಬದುಕಿ ಅದನ್ನು ಹೊತ್ತು ಹೊರಟ ಅಂತ ಅವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಆ ಮರದ ಕಾಯಿಯಿಂದಲೇ ಆ ಮರ ಹುಟ್ಟಿತು ಅಂದಹಾಗಾಗುತ್ತದೆ. ಎಲ್ಲಕ್ಕಿಂತ ಮೊದಲ ಬೀಜ ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರವಿಲ್ಲ.

ನನ್ನ ಓದಿನಲ್ಲಿ ಆ ಬೀಜ ಪುಸ್ತಕದಿಂದ ಬಂದದ್ದು. ಅಧ್ಯಾಯ ಬರೆದು ಮುಗಿಸಿದಮೇಲೆ ಮಾತ್ರ ಟಾಮಿಗೆ ಸಮಾಧಿಗೆ ಹೋಗಲು ಆಗುತ್ತದೆ. ಇಝಿಯನ್ನು ಮಣ್ಣು ಮಾಡಿದ ದಿನವನ್ನು ನೆನಪಿಸಿಕೊಳ್ಳಿ. ಎಲೆನ್ ಬರ್ಸ್ಟಿನ್ ಮಾಡಿರುವ ಡಾಕ್ಟರ್ ಲಿಲಿಯನ್ ಅಲ್ಲಿ ಇಝಿಯ ಬಗ್ಗೆ ನಾಲ್ಕು ಮಾತಾಡುತ್ತಾಳೆ. ಟಾಮಿಗೆ ಕೇಳಲು ಆಗುವುದಿಲ್ಲ, ಅರ್ಧಕ್ಕೇ ಎದ್ದು ಹೋಗುತ್ತಾನೆ. ಸಾವೂ ಒಂದು ಕಾಯಿಲೆ, ಅದಕ್ಕೂ ಮದ್ದಿದೆ, ನಾನು ಕಂಡುಹಿಡಿಯುತ್ತೇನೆ ಅನ್ನುವುದು ಅವನ ಆ ಹೊತ್ತಿನ ಹಟ. ಹಾಗೆ ಬಿಟ್ಟುಹೋದವನೇ ಈಗ ತಾನಾಗಿ ಬಂದು, ಮಣ್ಣು ಕೆದಕಿ ಬೀಜ ಊರಿ, ಹೋಗಿಬಾ ಇಝಿ ಅನ್ನುತ್ತಾನೆ.